ಜಿಪಿಎಸ್ ಇದೆಯಲ್ಲ, ಸೂಜಿ ಯಾಕೆ ಬೇಕು?

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯಿಂದ ಬಂದ ನಾವು ಈ ಕ್ಯಾಂಪಸ್‌ನಲ್ಲಿ ಒಂದು ಆಟೋ ತುಂಬುವಷ್ಟು ಜನ ಇದ್ದೇವೆ (ನಮ್ಮೂರಿನ ಲೆಕ್ಕದಲ್ಲಿ ಆಟೋ ತುಂಬುವುದು ಅಂದರೆ ಒಂಬತ್ತು ಹತ್ತು ಜನ, ಗೊತ್ತಲ್ಲ). ನಮ್ಮ ಗುಂಪಿನಲ್ಲಿ ಪೈಲಟ್ ಆಗಬೇಕು ಅನ್ನುವ ಹುಚ್ಚು ಒಬ್ಬಿಬ್ಬರಿಗೆ ಇದೆ. ಉಳಿದವರಿಗೆ ಅವರ ಕಾಲೆಳೆಯುವ ಹುಚ್ಚು. ಮಾತು ವಿಮಾನದ ಕಡೆ ತಿರುಗಿದಾಗಲೆಲ್ಲ ಒಂದು ಜಗಳ ಖಾಯಂ. ರೇಡಿಯೊ ಬೀಕನ್, ಡೈರೆಕ್ಷನ್ ಫೈಂಡರ್, ಸೂಜಿ ನೋಡಿ ದಿಕ್ಕು ಹಿಡಿಯುವುದು, ಇದನ್ನೆಲ್ಲ ಇವತ್ತಿಗೂ ಟ್ರೈನಿ ಪೈಲಟ್‌ಗಳಿಗೆ ಯಾಕೆ ಕಲಿಸಬೇಕು? "ಜಿಪಿಎಸ್ ಐತಲ್ಲೋ, ಯಾಕ ಬೇಕದು" ಅನ್ನುವವರೇ ಜಾಸ್ತಿ. ನಮ್ಮ ವಾದ ಬೇರೆ. ಕಲಿಸಬೇಕು. ಅಷ್ಟೇ ಅಲ್ಲ, ಈಗ ಕಲಿಸುತ್ತಿರುವ ರೀತಿಗಿಂತ ಚೆನ್ನಾಗಿ ಕಲಿಸಬೇಕು. ಅದರಲ್ಲಿ ನಮ್ಮಂಥ ಎಂಜಿನಿಯರಿಂಗ್ ಹುಡುಗ ಹುಡುಗಿಯರಿಗೂ ಪಾಲಿದೆ.

ಇದು ನಮಗೆ ಸಂಬಂಧ ಇಲ್ಲದ ವಿಷಯ ಅಂದುಕೊಳ್ಳಬೇಡಿ. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ಶುರುವಾಯಿತು. 2021ರಲ್ಲಿ ಏರ್‌ಪೋರ್ಟ್ಸ್ ಅಥಾರಿಟಿ ಹೊಸ ಫ್ಲೈಯಿಂಗ್ ಶಾಲೆಗಳಿಗೆ ಆರಿಸಿದ ದೇಶದ ಐದು ನಿಲ್ದಾಣಗಳಲ್ಲಿ ನಮ್ಮ ರಾಜ್ಯದವು ಎರಡು: ಬೆಳಗಾವಿ ಮತ್ತು ಕಲಬುರಗಿ. ಅದಕ್ಕೂ ಮೊದಲು ಕರ್ನಾಟಕದ ಹುಡುಗರಿಗೆ ಫ್ಲೈಯಿಂಗ್ ಅಂದರೆ ಬೆಂಗಳೂರಿನ ಜಕ್ಕೂರಿನ ಸರ್ಕಾರಿ ಶಾಲೆಯ ಹೆಸರೇ ನೆನಪಿಗೆ ಬರುತ್ತಿತ್ತು. ಈಗ ಮ್ಯಾಪ್ ತೆಗೆದು ಕಲಬುರಗಿಯಿಂದ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣಕ್ಕೆ ಸ್ಕೇಲ್ ಇಟ್ಟು ಒಂದು ನೇರ ಗೆರೆ ಎಳೆಯಿರಿ. ಸುಮಾರು 240 ಕಿಲೋಮೀಟರ್. ಆ ಗೆರೆ ಕೃಷ್ಣೆಯನ್ನು ದಾಟಿ, ಮಸ್ಕಿಯ ಪೂರ್ವಕ್ಕೆ ಹಾದು, ಹೆಚ್ಚುಕಡಿಮೆ ಸಿಂಧನೂರಿನ ತಲೆ ಮೇಲೆಯೇ ಹೋಗಿ, ತುಂಗಭದ್ರೆಯನ್ನು ದಾಟುತ್ತದೆ. 100 ನಾಟ್ ವೇಗದ ಸಣ್ಣ ಟ್ರೈನರ್ ವಿಮಾನಕ್ಕೆ ಒಂದೂಕಾಲು ಗಂಟೆ ದಾರಿ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಒಟ್ಟು 200 ಗಂಟೆ ಹಾರಬೇಕು. ಅದರಲ್ಲಿ ಕನಿಷ್ಠ 300 ನಾಟಿಕಲ್ ಮೈಲಿಯ ಒಂದು ಉದ್ದ ಪಯಣವನ್ನು ವಿದ್ಯಾರ್ಥಿಯೇ ಕಮಾಂಡರ್ ಆಗಿ ಮುಗಿಸಬೇಕು, ನಡುವೆ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿಯಬೇಕು. ನಮ್ಮ ವಯಸ್ಸಿನ ಒಬ್ಬರು ಆ ಸೀಟಿನಲ್ಲಿ ಕೂತಿದ್ದಾರೆ, ಪಕ್ಕದ ಸೀಟು ಖಾಲಿ ಅಂತ ಊಹಿಸಿಕೊಳ್ಳಿ.

ಮೇಲಿನಿಂದ ನಮ್ಮ ಸೀಮೆ ಹೇಗೆ ಕಾಣುತ್ತದೆ? ಒಂದು ಅನುಕೂಲ ಇದೆ. ನಮ್ಮದು ಎಡೆದೊರೆ ನಾಡು, ಎರಡು ನದಿಗಳ ನಡುವಿನ ನೆಲ. ದಾರಿ ತಪ್ಪಿದರೆ ಉತ್ತರಕ್ಕೆ ಹೋದರೆ ಕೃಷ್ಣೆ ಸಿಗಲೇಬೇಕು, ದಕ್ಷಿಣಕ್ಕೆ ಹೋದರೆ ತುಂಗಭದ್ರೆ ಸಿಗಲೇಬೇಕು. ಕೃಷ್ಣೆ ಮೇಲೆ ತಿಂಥಣಿ ಸೇತುವೆ ಕಂಡರೆ ಎಲ್ಲಿದ್ದೀರಿ ಅಂತ ಗೊತ್ತಾಯಿತು. ಹಟ್ಟಿ ಚಿನ್ನದ ಗಣಿ ಕಂಡರೂ ಗೊತ್ತಾಯಿತು. ಆದರೆ ಈ ಎರಡು ನದಿಗಳ ಮಧ್ಯೆ? ಒಂದು ಕಡೆ ಎರೆ ಹೊಲ, ಮುಗಿಯುವುದೇ ಇಲ್ಲ. ಇನ್ನೊಂದು ಕಡೆ ತುಂಗಭದ್ರಾ ಎಡದಂಡೆ ನಾಲೆಯ ಭತ್ತದ ಗದ್ದೆ, ಅದೂ ಮುಗಿಯುವುದಿಲ್ಲ. ಕಾಲುವೆ ನೋಡಿ ಗುರುತು ಹಿಡಿಯೋಣ ಅಂದರೆ ಯಾವ ಕಾಲುವೆ, ಯಾವ ಉಪಕಾಲುವೆ? ನೆಲದ ಮೇಲೆ ನಿಂತವರೇ ಬೋರ್ಡ್ ನೋಡಿ ಹೇಳಬೇಕು. ಆಷಾಢದ ಮೋಡ ಕೆಳಗಿಳಿದರಂತೂ ಗುಡ್ಡವೂ ಇಲ್ಲ, ಗದ್ದೆಯೂ ಇಲ್ಲ.

ಇಲ್ಲಿ ಸೂಜಿ ಬರುತ್ತದೆ.

ಮಸ್ಕಿಯ ದುರ್ಗದ ಗುಡ್ಡದ ಮೇಲೆ ಒಂದು ಬೀಕನ್ ಇದೆ ಅಂತ ಇಟ್ಟುಕೊಳ್ಳೋಣ. (ಇಲ್ಲ. ಆ ಗುಡ್ಡದಲ್ಲಿ ಇರುವುದು ಅಶೋಕನ ಶಾಸನ. 1915ರಲ್ಲಿ ಅದನ್ನು ಕಂಡುಹಿಡಿದವನೂ ಚಿನ್ನದ ಗಣಿಯ ಒಬ್ಬ ಎಂಜಿನಿಯರ್, ಸಿ. ಬೀಡನ್ ಅಂತ. ನಮ್ಮ ಜಾತಿಯವನೇ.) ಎನ್‌ಡಿಬಿ ಅನ್ನುವ ಈ ಬೀಕನ್ ಕೆಲವು ನೂರು ಕಿಲೋಹರ್ಟ್ಜ್‌ನಲ್ಲಿ ಎಲ್ಲ ದಿಕ್ಕಿಗೂ ಒಂದೇ ಸಮನೆ ಅಲೆ ಬಿಡುತ್ತದೆ. ಅದಕ್ಕೆ ಬುದ್ಧಿ ಏನೂ ಇಲ್ಲ. ನಾನಿಲ್ಲಿದ್ದೇನೆ, ನಾನಿಲ್ಲಿದ್ದೇನೆ ಅಂತ ಕೂಗುವುದಷ್ಟೇ ಅದರ ಕೆಲಸ. ಬುದ್ಧಿ ಇರುವುದು ವಿಮಾನದೊಳಗಿನ ಎಡಿಎಫ್‌ನಲ್ಲಿ. ಒಂದು ಲೂಪ್ ಆಂಟೆನಾ ತಿರುಗಿಸಿದರೆ ಸಿಗ್ನಲ್ ಕೊಸೈನ್ ಥರ ಏರಿಳಿಯುತ್ತದೆ. ಈಗ ಒಂದು ಪ್ರಶ್ನೆ: ದಿಕ್ಕು ಹಿಡಿಯಲು ಸಿಗ್ನಲ್ ಜೋರಾಗಿರುವ ಜಾಗ ನೋಡಬೇಕೋ, ಪೂರ್ತಿ ಸತ್ತಿರುವ ಜಾಗ ನೋಡಬೇಕೋ? ನಮ್ಮ ಸಹಜ ಉತ್ತರ ಜೋರಾಗಿರುವುದು. ಆದರೆ ಡಿಫರೆನ್ಷಿಯೇಟ್ ಮಾಡಿ ನೋಡಿ. ತುದಿಯಲ್ಲಿ ಸ್ಲೋಪ್ ಸೊನ್ನೆ, ಐದು ಡಿಗ್ರಿ ಅತ್ತಿತ್ತ ಆದರೂ ಏನೂ ಗೊತ್ತಾಗುವುದಿಲ್ಲ. ಸೊನ್ನೆಯ ಹತ್ತಿರ ಸ್ಲೋಪ್ ಅತಿ ಹೆಚ್ಚು, ಒಂಚೂರು ತಿರುಗಿದರೂ ಸದ್ದು ಬದಲಾಗುತ್ತದೆ. ಅದಕ್ಕೇ ಮೌನವನ್ನು ಹುಡುಕುತ್ತಾರೆ. ಒಂದು ಸುತ್ತಿನಲ್ಲಿ ಮೌನ ಎರಡು ಸಲ ಸಿಗುತ್ತದೆ, ಮುಂದೋ ಹಿಂದೋ ಗೊತ್ತಾಗುವುದಿಲ್ಲ. ಇನ್ನೊಂದು ಸಾದಾ ಆಂಟೆನಾದ ಸಿಗ್ನಲ್ ಕೂಡಿಸಿದರೆ ಎಂಟರ ಆಕಾರ ಹೋಗಿ ಹೃದಯದ ಆಕಾರ ಬರುತ್ತದೆ, ಮೌನ ಒಂದೇ ಉಳಿಯುತ್ತದೆ. ಎಂಜಿನಿಯರಿಂಗ್ ಮ್ಯಾಥ್ಸ್‌ನಲ್ಲಿ ನಾವು ಅಂಕಕ್ಕಾಗಿ ಬಿಡಿಸುವ ಕಾರ್ಡಿಯಾಯ್ಡ್ ಇದೇ!

ಈಗ ಲೆಕ್ಕ. ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿವೆ, ವಾಯವ್ಯದ ಕಡೆಗೆ, ಸುಮಾರು 330 ಡಿಗ್ರಿ. ಆಕಾಶದಲ್ಲಿ ಸಿಂಧನೂರಿನಿಂದ ಮಸ್ಕಿ ಸುಮಾರು 25 ಕಿಲೋಮೀಟರ್. ಜುಲೈ ತಿಂಗಳು ಅಂತಿಟ್ಟುಕೊಳ್ಳಿ, ಪಶ್ಚಿಮದಿಂದ 20 ನಾಟ್ ಗಾಳಿ. ವಿಮಾನದ ವೇಗ 90 ನಾಟ್. ಮೂತಿಯನ್ನು 330ಕ್ಕೆ ಇಟ್ಟು ಸುಮ್ಮನೆ ಕೂತರೆ ಹತ್ತು ನಿಮಿಷದ ಕೊನೆಗೆ ನೀವು ಮಸ್ಕಿಯ ಬಲಕ್ಕೆ ಐದು ಕಿಲೋಮೀಟರ್‌ಗಿಂತ ಹೆಚ್ಚು ಸರಿದಿರುತ್ತೀರಿ. ಸರಿ, ಸೂಜಿ ಬೀಕನ್ ತೋರಿಸುತ್ತದಲ್ಲ, ಮೂತಿಯನ್ನು ಯಾವಾಗಲೂ ಸೂಜಿಯ ಕಡೆಗೇ ತಿರುಗಿಸುತ್ತ ಹೋದರೆ? ಮಸ್ಕಿ ಸಿಗುತ್ತದೆ, ಆದರೆ ನೇರವಾಗಿ ಅಲ್ಲ. ಗಾಳಿ ತಳ್ಳುತ್ತದೆ, ಸೂಜಿ ಎಡಕ್ಕೆ ಸರಿಯುತ್ತದೆ, ನೀವೂ ತಿರುಗುತ್ತೀರಿ, ಮತ್ತೆ ತಳ್ಳುತ್ತದೆ. ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಹೋಗಿ ಕೊನೆಗೆ ಗಾಳಿಗೆ ಎದುರಾಗಿ ಬಂದು ತಲುಪುತ್ತೀರಿ. ಮೊಲದ ಹಿಂದೆ ನಾಯಿ ಓಡಿದ ಹಾಗೆ. ಇದನ್ನು ಹೋಮಿಂಗ್ ಅಂತಾರೆ. ಬಯಲು ಸೀಮೆಯಲ್ಲಿ ಏನೂ ಆಗಲಿಕ್ಕಿಲ್ಲ. ಅದೇ ಬಾಗಿದ ದಾರಿಯೊಳಗೆ ಒಂದು ಗುಡ್ಡ ಇದ್ದರೆ?

ಸರಿಯಾದ ವಿಧಾನ ಟ್ರ್ಯಾಕಿಂಗ್. ಗಾಳಿಯ ಕಡೆಗೆ 11 ಡಿಗ್ರಿ ಮೊದಲೇ ತಿರುಗಿಸಿಕೊಂಡು 319ರಲ್ಲಿ ಹಾರಬೇಕು, ಸೂಜಿ ಮೂತಿಯ ಬಲಕ್ಕೆ 11 ಡಿಗ್ರಿಯಲ್ಲಿ ಅಲುಗದೆ ನಿಲ್ಲಬೇಕು. ಸೂಜಿ ಬೀಕನ್ ಕಡೆ, ಮೂತಿ ಬೇರೆ ಕಡೆ, ವಿಮಾನ ಮಾತ್ರ ನೇರ ದಾರಿಯಲ್ಲಿ. ಇದನ್ನು ಮೊದಲ ಸಲ ಅರ್ಥ ಮಾಡಿಕೊಳ್ಳುವಾಗ ತಲೆ ಗಿರ್ ಅನ್ನುತ್ತದೆ. ಆದರೆ ಒಮ್ಮೆ ಅರ್ಥವಾದರೆ ಗಾಳಿ ಎಲ್ಲಿಂದ, ಎಷ್ಟು, ನಾನೆಲ್ಲಿ, ಇನ್ನೆಷ್ಟು ದೂರ, ಎಲ್ಲವೂ ಒಂದೇ ಸೂಜಿಯಿಂದ ಹೊರಡುತ್ತವೆ. ದೂರ ಹೇಳುವ ಯಂತ್ರ ಇಲ್ಲದಿದ್ದರೂ ನಡೆಯುತ್ತದೆ. ಬೀಕನ್ ಪಕ್ಕಕ್ಕೆ ಬರುವಂತೆ ಅಡ್ಡ ತಿರುಗಿ ಹಾರಿ, ಸೂಜಿ 10 ಡಿಗ್ರಿ ಸರಿಯಲು ಎಷ್ಟು ಸೆಕೆಂಡ್ ಬೇಕಾಯಿತು ನೋಡಿ. 120 ಸೆಕೆಂಡ್ ಆದರೆ ಬೀಕನ್ ಸುಮಾರು 12 ನಿಮಿಷ ದೂರದಲ್ಲಿದೆ. ಸೆಕೆಂಡನ್ನು ಡಿಗ್ರಿಯಿಂದ ಭಾಗಿಸಿದರೆ ನಿಮಿಷ. ಸಣ್ಣ ಕೋನಗಳ ತ್ರಿಕೋನಮಿತಿ ಬಿಟ್ಟರೆ ಇದರಲ್ಲಿ ಬೇರೇನೂ ಇಲ್ಲ.

ಡೈರೆಕ್ಷನ್ ಫೈಂಡರ್ ಇದೇ ಕೆಲಸವನ್ನು ತಲೆಕೆಳಗು ಮಾಡುತ್ತದೆ. ಅಲ್ಲಿ ಕೂಗುವವರು ನೀವು, ದಿಕ್ಕು ಹಿಡಿಯುವವರು ನೆಲದಲ್ಲಿದ್ದವರು. ದಾರಿ ತಪ್ಪಿದ ವಿದ್ಯಾರ್ಥಿ ರೇಡಿಯೊ ಬಟನ್ ಒತ್ತಿ ಕ್ಯೂಡಿಎಂ ಕೇಳಿದರೆ, ಆ ಧ್ವನಿ ಬಂದ ದಿಕ್ಕನ್ನೇ ಅಳೆದು, ನಮ್ಮ ಕಡೆ ಬರಲು ಇಷ್ಟು ಡಿಗ್ರಿಗೆ ತಿರುಗಿ ಅಂತ ಟವರ್ ಹೇಳುತ್ತದೆ. ಜೊತೆಗೆ ಎ, ಬಿ, ಸಿ ಅಂತ ಒಂದು ದರ್ಜೆಯನ್ನೂ ಹೇಳುತ್ತಾರೆ. ಎ ಅಂದರೆ ಎರಡು ಡಿಗ್ರಿಯೊಳಗೆ ಸರಿ, ಬಿ ಅಂದರೆ ಐದು, ಸಿ ಅಂದರೆ ಹತ್ತು. ನಾನು ಹೇಳುವುದರಲ್ಲಿ ಇಷ್ಟು ತಪ್ಪಿರಬಹುದು ಅಂತ ಮೊದಲೇ ಹೇಳಿ ಮಾತಾಡುವ ವ್ಯವಸ್ಥೆ ಇದು. ನಮ್ಮ ಲ್ಯಾಬ್ ರೆಕಾರ್ಡ್‌ಗಳಲ್ಲಿ ಆ ಪ್ರಾಮಾಣಿಕತೆ ಇಲ್ಲ, ಎಲ್ಲರದ್ದೂ ಒಂದೇ ರೀಡಿಂಗ್.

ಇನ್ನು ಜಿಪಿಎಸ್ ವಾದಕ್ಕೆ ಬರೋಣ. ಜಿಪಿಎಸ್ ಅದ್ಭುತ, ಅದರಲ್ಲಿ ಜಗಳ ಇಲ್ಲ. ಆದರೆ ಆ ಉಪಗ್ರಹಗಳು ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿವೆ, ನೆಲಕ್ಕೆ ಬರುವ ಸಿಗ್ನಲ್ ಮೈನಸ್ 130 ಡಿಬಿಎಂ ಆಸುಪಾಸು. ಅಂದರೆ ನಾಯ್ಸ್‌ಗಿಂತ ಕೆಳಗೆ. ಜಾತ್ರೆಯಲ್ಲಿ ಯಾರೋ ಪಿಸುಗುಟ್ಟಿದ ಹಾಗೆ. ಪಕ್ಕದಲ್ಲಿ ಒಂದು ಸಣ್ಣ ಟ್ರಾನ್ಸ್‌ಮಿಟರ್ ಕಿರುಚಿದರೆ ಮುಗಿಯಿತು, ಅದು ಜ್ಯಾಮಿಂಗ್. ಅದಕ್ಕಿಂತ ಕೆಟ್ಟದ್ದು ಸ್ಪೂಫಿಂಗ್, ಉಪಗ್ರಹದ ದನಿಯನ್ನೇ ಅನುಕರಿಸಿ ಸುಳ್ಳು ಜಾಗ ಹೇಳುವುದು. ಜ್ಯಾಮ್ ಆದರೆ ಸಿಗ್ನಲ್ ಇಲ್ಲ ಅಂತಾದರೂ ಗೊತ್ತಾಗುತ್ತದೆ. ಸ್ಪೂಫ್ ಆದರೆ ಸ್ಕ್ರೀನ್ ಮೇಲೆ ಎಲ್ಲವೂ ಚೆಂದ ಕಾಣುತ್ತಿರುತ್ತದೆ.

ಇದು ಕಥೆಯಲ್ಲ. 2023ರ ನವೆಂಬರ್‌ನಿಂದ 2025ರ ಫೆಬ್ರವರಿವರೆಗೆ ನಮ್ಮ ಗಡಿ ಭಾಗದಲ್ಲಿ, ಮುಖ್ಯವಾಗಿ ಅಮೃತಸರ ಮತ್ತು ಜಮ್ಮು ಕಡೆ, ಇಂಥ 465 ಪ್ರಕರಣ ವರದಿಯಾಗಿವೆ ಅಂತ ಸರ್ಕಾರವೇ ಲೋಕಸಭೆಯಲ್ಲಿ ಹೇಳಿದೆ. ಗಡಿ ದೂರ ಅಂತೀರಾ? 2025ರ ನವೆಂಬರ್‌ನಲ್ಲಿ ದೆಹಲಿ ನಿಲ್ದಾಣದ ಸುತ್ತಲೇ ಆಯಿತು. ಆ ಬಗ್ಗೆ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ ಅಡಚಣೆ ವರದಿಯಾದ ಊರುಗಳ ಸಾಲಿನಲ್ಲಿ ಹೈದರಾಬಾದೂ ಇದೆ, ಬೆಂಗಳೂರೂ ಇದೆ. ಅದೇ ಉತ್ತರದ ಇನ್ನೊಂದು ಸಾಲು ನಮಗೆ ಮುಖ್ಯ. ತೊಂದರೆಯಾದದ್ದು ಜಿಪಿಎಸ್ ನಂಬಿ ಇಳಿಯುತ್ತಿದ್ದ ರನ್‌ವೇ ತುದಿಯಲ್ಲಿ. ನೆಲದ ಮೇಲೆ ಹಳೆಯ ಸಾಧನಗಳಿದ್ದ ಕಡೆ ಸಂಚಾರಕ್ಕೆ ಏನೂ ಆಗಲಿಲ್ಲ. ಫಿನ್ನೇರ್ ಕಂಪನಿ 2024ರಲ್ಲಿ ಎಸ್ಟೋನಿಯಾದ ಟಾರ್ಟುಗೆ ಒಂದು ತಿಂಗಳು ವಿಮಾನವನ್ನೇ ನಿಲ್ಲಿಸಿತ್ತು, ಅಲ್ಲಿ ಇಳಿಯುವ ವಿಧಾನ ಜಿಪಿಎಸ್ ಮೇಲೆ ನಿಂತಿತ್ತು ಅನ್ನುವ ಕಾರಣಕ್ಕೆ. ನೆಲದ ಸಾಧನಗಳನ್ನು ಬಳಸುವ ಬೇರೆ ವಿಧಾನ ಸಿದ್ಧವಾದ ಮೇಲೆ ಮತ್ತೆ ಶುರು ಮಾಡಿದರು. ನಮ್ಮದೇ ನಾವಿಕ್ ಇದೆಯಲ್ಲ ಅಂತ ಯಾರೋ ಅಂದೇ ಅಂತಾರೆ. ಇದೆ, ಹೆಮ್ಮೆಯೂ ಇದೆ. ಆದರೆ ಅದೂ ಮೇಲಿನಿಂದಲೇ ಪಿಸುಗುಟ್ಟುವುದು.

ದೊಡ್ಡ ವಿಮಾನಗಳಲ್ಲಿ ಇನರ್ಷಿಯಲ್ ಸಿಸ್ಟಂ ಇರುತ್ತದೆ, ಇಬ್ಬರು ಪೈಲಟ್ ಇರುತ್ತಾರೆ. ಟ್ರೈನರ್‌ನಲ್ಲಿ ಇರುವುದು ಒಂದು ಎಂಜಿನ್, ಒಂದು ದಿಕ್ಸೂಚಿ, ಅಳೆದು ಹಾಕಿದ ಇಂಧನ, ಹತ್ತೊಂಬತ್ತು ವರ್ಷದ ಒಬ್ಬ ಹುಡುಗಿ. ಮೂವಿಂಗ್ ಮ್ಯಾಪ್ ಆಫ್ ಆದ ಕ್ಷಣ ಅವಳ ತಲೆಯಲ್ಲಿ ಒಂದು ಚಿತ್ರ ಇರಬೇಕು. ಆ ಚಿತ್ರ ಬರೆಯುವುದನ್ನು ಸೂಜಿ ಕಲಿಸುತ್ತದೆ. ಮ್ಯಾಪ್ ಅಪ್ಲಿಕೇಶನ್ ಅದನ್ನು ಕಲಿಸುವುದಿಲ್ಲ, ಏಕೆಂದರೆ ಅದು ಉತ್ತರ ಕೊಡುತ್ತದೆಯೇ ಹೊರತು ಲೆಕ್ಕ ಬಿಡಿಸಲು ಬಿಡುವುದಿಲ್ಲ.

ಸೂಜಿಗೂ ಸುಳ್ಳು ಹೇಳುವ ಅಭ್ಯಾಸ ಇದೆ, ಅದನ್ನು ಮುಚ್ಚಿಡುವುದಿಲ್ಲ. ಗುಡುಗಿನ ಮೋಡ ಹತ್ತಿರ ಇದ್ದರೆ ಎಡಿಎಫ್ ಸೂಜಿ ಬೀಕನ್ ಬಿಟ್ಟು ಮಿಂಚಿನ ಕಡೆ ಕೈ ತೋರಿಸುತ್ತದೆ. ಮುಸ್ಸಂಜೆಯಲ್ಲಿ ಅಯಾನೋಸ್ಫಿಯರ್‌ನಿಂದ ವಾಪಸ್ ಬರುವ ಅಲೆ ನೆಲದ ಅಲೆಗೆ ಬೆರೆತು ತೂಗಾಡುತ್ತದೆ. ಎಲ್ಲಕ್ಕಿಂತ ಅಪಾಯ ಇದು: ಬೀಕನ್ ಸತ್ತುಹೋದರೆ ಎಷ್ಟೋ ಎಡಿಎಫ್‌ಗಳಲ್ಲಿ ಕೆಂಪು ಬಾವುಟ ಬರುವುದಿಲ್ಲ, ಸೂಜಿ ಇದ್ದಲ್ಲೇ ನಿಂತಿರುತ್ತದೆ. ಆದ್ದರಿಂದ ಬೀಕನ್ನಿನ ಮೋರ್ಸ್ ಗುರುತನ್ನು ಕಿವಿಯಲ್ಲಿ ಕೇಳುತ್ತಲೇ ಇರಬೇಕು. ಟ್ಯೂನ್ ಮಾಡು, ಗುರುತು ಕೇಳು, ಪರೀಕ್ಷಿಸು, ಆಮೇಲೆ ನಂಬು. ಈ ಅಭ್ಯಾಸ ಕೈಗೆ ಹತ್ತಿದವರು ಜಿಪಿಎಸ್ ಸ್ಕ್ರೀನನ್ನೂ ಸುಮ್ಮನೆ ನಂಬುವುದಿಲ್ಲ, ನಮಗೆ ಬೇಕಾದದ್ದೂ ಅದೇ. ಈ ದೋಷಗಳು ಗೊತ್ತಿಲ್ಲದೆ ಯಂತ್ರ ಮಾತ್ರ ಇದ್ದರೆ ಉಪಯೋಗ ಇಲ್ಲ ಅನ್ನುವುದಕ್ಕೆ ಅಮೇಲಿಯಾ ಇಯರ್‌ಹಾರ್ಟ್ ಇದ್ದಾರೆ. 1937ರಲ್ಲಿ ಕರಾಚಿ, ಕಲ್ಕತ್ತಾ ದಾಟಿ ಹೋದ ಅವರು ಜುಲೈ 2ರಂದು ಪೆಸಿಫಿಕ್‌ನ ಹೌಲ್ಯಾಂಡ್ ಎಂಬ ಚಿಕ್ಕ ದ್ವೀಪ ಹುಡುಕುತ್ತಿದ್ದರು. ಕೆಳಗೆ ಇಟಾಸ್ಕಾ ಹಡಗು ಕಾಯುತ್ತಿತ್ತು. ಅವರು ಕೇಳಿದಂತೆ ಹಡಗು 7500 ಕಿಲೋಹರ್ಟ್ಜ್‌ನಲ್ಲಿ ಸಿಗ್ನಲ್ ಕಳಿಸಿತು. ಸಿಗ್ನಲ್ ಕೇಳಿಸಿತು, ಆದರೆ ಆ ಮೌನದ ಬಿಂದು ಸಿಗಲಿಲ್ಲ ಅಂತ ಅವರೇ ರೇಡಿಯೊದಲ್ಲಿ ಹೇಳಿದರು. ಅಷ್ಟು ಎತ್ತರದ ಫ್ರೀಕ್ವೆನ್ಸಿಗೆ ಆ ಲೂಪ್ ಹೊಂದುವಂಥದ್ದಲ್ಲ ಅನ್ನುವುದು ಹೆಚ್ಚಿನವರ ಅಭಿಪ್ರಾಯ. ಮತ್ತೆ ಅವರು ಸಿಗಲೇ ಇಲ್ಲ.

ಹಾಗಾದರೆ ಹಳೆಯ ಎನ್‌ಡಿಬಿಗಳನ್ನೆಲ್ಲ ಉಳಿಸಿ ಅಂತ ನಾವು ಹೇಳುತ್ತಿದ್ದೇವಾ? ಇಲ್ಲ. ಜಗತ್ತಿನಾದ್ಯಂತ ಅವು ಒಂದೊಂದಾಗಿ ಮುಚ್ಚುತ್ತಿವೆ, ಅದಕ್ಕೆ ಅಳಬೇಕಾಗಿಲ್ಲ. ವಿಒಆರ್ ಅದಕ್ಕಿಂತ ಎಷ್ಟೋ ವಾಸಿ. ಅದು 30 ಹರ್ಟ್ಜ್‌ನ ಎರಡು ಅಲೆಗಳನ್ನು ಕಳಿಸುತ್ತದೆ, ಒಂದು ಎಲ್ಲ ಕಡೆ ಒಂದೇ, ಇನ್ನೊಂದು ನೀವಿರುವ ದಿಕ್ಕಿಗೆ ತಕ್ಕಂತೆ ಹಿಂದೆಮುಂದೆ. ಎರಡರ ಫೇಸ್ ವ್ಯತ್ಯಾಸವೇ ನಿಮ್ಮ ರೇಡಿಯಲ್. ಸಿಗ್ನಲ್ ಹೋದರೆ ಬಾವುಟ ಬೀಳುತ್ತದೆ. ಅಮೆರಿಕದಲ್ಲೂ ವಿಒಆರ್ ಕಡಿಮೆ ಮಾಡುತ್ತಿದ್ದಾರೆ, ಆದರೆ ಜಿಪಿಎಸ್ ಹೋದರೆ ಇಳಿಯಲು ದಾರಿ ಇರಲಿ ಅಂತ ಒಂದು ಕನಿಷ್ಠ ಜಾಲವನ್ನು ಬೇಕಂತಲೇ ಇಟ್ಟುಕೊಂಡಿದ್ದಾರೆ. ನಮ್ಮ ಸರ್ಕಾರವೂ ಸಂಸತ್ತಿನಲ್ಲಿ ಅದೇ ಮಾತು ಹೇಳಿದೆ. ರಾಯಚೂರಿಗೆ ಯರಮರಸ್‌ನಲ್ಲಿ ವಿಮಾನ ನಿಲ್ದಾಣ ಬೇಕು ಅನ್ನುವ ಮಾತು ಬಂದಾಗಲೆಲ್ಲ ಚರ್ಚೆ ರನ್‌ವೇ ಉದ್ದ, ಟರ್ಮಿನಲ್ ಚಿತ್ರ, ಟಿಕೆಟ್ ದರದಲ್ಲೇ ಮುಗಿಯುತ್ತದೆ. ನೆಲದ ಮೇಲೆ ಯಾವ ನ್ಯಾವಿಗೇಶನ್ ಸಾಧನ ಇಡುತ್ತೀರಿ ಅಂತ ನಮ್ಮ ಜಿಲ್ಲೆಯವರು ಒಮ್ಮೆಯಾದರೂ ಕೇಳಬೇಕು. ಕೇಳುವವರು ಎಂಜಿನಿಯರಿಂಗ್ ಓದಿದವರಾದರೆ ಇನ್ನೂ ಒಳ್ಳೆಯದು.

ಕಲಿಸುವ ರೀತಿ ಬಗ್ಗೆ ನಮ್ಮ ದೂರು ಒಂದೇ, ಅದು ಫ್ಲೈಯಿಂಗ್‌ಗೂ ಅನ್ವಯಿಸುತ್ತದೆ, ನಮಗೂ ಅನ್ವಯಿಸುತ್ತದೆ. ಏರ್ ನ್ಯಾವಿಗೇಶನ್ ಪೇಪರ್ ಪಾಸಾಗಲು 70 ಪರ್ಸೆಂಟ್ ಬೇಕು, ಪ್ರಶ್ನೆ ಎಲ್ಲ ನಾಲ್ಕು ಆಯ್ಕೆಯವು. ಹೆಡಿಂಗ್‌ಗೆ ರಿಲೇಟಿವ್ ಬೇರಿಂಗ್ ಕೂಡಿಸು, 360 ದಾಟಿದರೆ ಕಳೆ, ಉತ್ತರ ಬಿ. ಇದನ್ನು ಬಾಯಿಪಾಠ ಮಾಡಿ ಪಾಸಾಗಬಹುದು. ನಾವೂ ಅಷ್ಟೇ, ಲೂಪ್ ಆಂಟೆನಾದ ಪ್ಯಾಟರ್ನ್ ಬರೆದು ಎಂಟು ಅಂಕ ತಗೊಂಡು ಒಂದು ಸಲವೂ ಆಂಟೆನಾ ಕೈಯಲ್ಲಿ ಹಿಡಿದು ತಿರುಗಿಸಿರುವುದಿಲ್ಲ. ಭಾಷೆಯೂ ಒಂದು ತೊಡಕು. ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂ. ಬೇರಿಂಗ್ ಅನ್ನುವ ಪದದ ವ್ಯಾಖ್ಯೆ ಗೊತ್ತು, ನಿಂತ ಜಾಗದಲ್ಲಿ ಪಡುವಣ ಯಾವ ಕಡೆ ಅಂದರೆ ಫೋನ್ ತೆಗೆಯುತ್ತೇವೆ. ಊರಿನಲ್ಲಿ ಅಜ್ಜ ಹೊಲದ ಚೆಕ್ಕುಬಂದಿ ಹೇಳುವಾಗ ಮೂಡಲಕ್ಕೆ ಇಂಥವರ ಹೊಲ, ಬಡಗಲಕ್ಕೆ ಹಳ್ಳ ಅಂತ ಕಣ್ಣು ಮುಚ್ಚಿ ಹೇಳುತ್ತಾರೆ. ಅವರ ತಲೆಯಲ್ಲಿ ಆ ಚಿತ್ರ ಇದೆ. ಪರೀಕ್ಷೆ ಇಂಗ್ಲಿಷ್‌ನಲ್ಲೇ ಇರಲಿ, ರೇಡಿಯೊ ಮಾತೂ ಇಂಗ್ಲಿಷ್‌ನಲ್ಲೇ ಇರಬೇಕು, ಅದರಲ್ಲಿ ಜೀವದ ಪ್ರಶ್ನೆ ಇದೆ. ಆದರೆ ಗಾಳಿ, ಮೂತಿ, ಸೂಜಿ, ದಾರಿ ಇವನ್ನು ಮೊದಲ ಸಲ ಬೋರ್ಡ್ ಮೇಲೆ ಬಿಡಿಸುವಾಗ ಕನ್ನಡದಲ್ಲಿ ಹೇಳಿದರೆ ಯಾರೂ ಜೈಲಿಗೆ ಹಾಕುವುದಿಲ್ಲ.

ಅದಕ್ಕೇ ಕನ್ನಡ ಸಂಘದ ಮುಂದೆ, ಇಸಿ ಡಿಪಾರ್ಟ್‌ಮೆಂಟ್ ಮುಂದೆ ನಮ್ಮ ಬೇಡಿಕೆ ಇಡುತ್ತಿದ್ದೇವೆ. ಹ್ಯಾಮ್ ರೇಡಿಯೊದವರು ಆಡುವ ಫಾಕ್ಸ್ ಹಂಟ್ ಅನ್ನು ಕ್ಯಾಂಪಸ್‌ನಲ್ಲಿ ಆಡೋಣ. ಒಂದು ಸಣ್ಣ ಟ್ರಾನ್ಸ್‌ಮಿಟರ್ ಎಲ್ಲೋ ಬಚ್ಚಿಟ್ಟಿರುತ್ತಾರೆ, ನಾವು ಆಂಟೆನಾ ಹಿಡಿದು ಹುಡುಕಬೇಕು. ಟ್ರಾನ್ಸ್‌ಮಿಟ್ ಮಾಡಲು ಹ್ಯಾಮ್ ಲೈಸೆನ್ಸ್ ಬೇಕು, ಲೈಸೆನ್ಸ್ ಇದ್ದವರನ್ನು ಕರೆಸಬೇಕು. ಆ ಪರೀಕ್ಷೆಗೆ 12 ವರ್ಷ ತುಂಬಿದ್ದರೆ ಸಾಕು, ಮುಂದಿನ ವರ್ಷಕ್ಕೆ ನಮ್ಮವರೇ ಬರೆಯಬಹುದು. ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಹಳೆಯ ಎಎಂ ರೇಡಿಯೊ ಒಳಗೆ ಒಂದು ಫೆರೈಟ್ ಕಡ್ಡಿ ಇರುತ್ತದೆ. ಅದು ಲೂಪ್ ಆಂಟೆನಾನೇ. ಹಗಲು ಹೊತ್ತು ಧಾರವಾಡ ಆಕಾಶವಾಣಿಯನ್ನು 765 ಕಿಲೋಹರ್ಟ್ಜ್‌ನಲ್ಲಿ ಹಿಡಿದು ರೇಡಿಯೊ ನಿಧಾನಕ್ಕೆ ತಿರುಗಿಸಿ. ದನಿ ಸತ್ತಾಗ ಕಡ್ಡಿಯ ತುದಿ ಧಾರವಾಡದ ಗೆರೆಯಲ್ಲಿರುತ್ತದೆ. ಎಡಿಎಫ್‌ಗೂ ಈ ಬ್ಯಾಂಡ್ ಸಿಗುತ್ತದೆ, ಪೈಲಟ್‌ಗಳು ಹಿಂದೆ ಬ್ರಾಡ್‌ಕಾಸ್ಟ್ ಸ್ಟೇಷನ್‌ಗಳನ್ನೇ ಬೀಕನ್ ಮಾಡಿಕೊಂಡು ಹಾರಿದ್ದೂ ಉಂಟು. ಇನ್ನೊಂದು ಸ್ಟೇಷನ್‌ಗೂ ಹೀಗೇ ಗೆರೆ ಎಳೆಯಿರಿ, ಎರಡು ಗೆರೆ ಕೂಡಿದ ಕಡೆ ನೀವಿದ್ದೀರಿ. ಎಷ್ಟು ಕಿಲೋಮೀಟರ್ ತಪ್ಪಾಯಿತು ನೋಡಿ, ಎ ದರ್ಜೆಯೋ ಸಿ ದರ್ಜೆಯೋ ನೀವೇ ಬರೆದುಕೊಳ್ಳಿ.

ರಜೆಗೆ ಊರಿಗೆ ಹೋದವರು ಅಟ್ಟದ ಮೇಲೆ, ದೇವರ ಮನೆ ಮಾಡಿನಲ್ಲಿ ಇಂಥ ರೇಡಿಯೊ ಇದ್ದರೆ ಬರುವಾಗ ತಗೊಂಡು ಬನ್ನಿ. ಸೆಲ್ ನಾವು ಹಾಕ್ತೀವಿ.